ಕ್ರಿಸ್‌ಮಸ್ ಗಿಡದ ತುದಿ ಕತ್ತರಿಸಬೇಡಿ, ನಾನು ಕತ್ತರಿಸಿ ನೋಡಿದ್ದೇನೆ

"ಪಾಟ್‌ನಲ್ಲಿರುವ ಕ್ರಿಸ್‌ಮಸ್ ಗಿಡ ಸೀಲಿಂಗ್ ಮುಟ್ಟುತ್ತಿದೆ, ತುದಿ ಚಿವುಟಿದರೆ ಪೊದೆಯಾಗುತ್ತಾ" ಅಂತ ಕೇಳಿದ್ದೀರಿ. ದಾಸವಾಳಕ್ಕೆ, ತುಳಸಿಗೆ ಸರಿ. ಇದಕ್ಕೆ ಮಾತ್ರ ಬೇಡ.

ನಮ್ಮ ಮನೆಯಲ್ಲಿದ್ದದ್ದೂ ಕ್ರಿಸ್‌ಮಸ್ ಗಿಡ ಅಂತ ಕರೆಯುವ ಇದೇ ಅರೌಕೇರಿಯಾ. ಆ ವರ್ಷ ಅದನ್ನು ಸ್ಟೂಲ್ ಮೇಲೆ ಇಟ್ಟೆವು. ಸೀಲಿಂಗ್‌ಗೆ ಒಂದು ಗೇಣು ಬಾಕಿ, ನಕ್ಷತ್ರಕ್ಕೆ ಒಂದೂವರೆ ಗೇಣು ಬೇಕು. ಸ್ಟೂಲ್ ತೆಗೆದಿದ್ದರೆ ಮುಗಿದುಹೋಗುತ್ತಿತ್ತು, ಅಲ್ವಾ? ಮನೆಯಲ್ಲಿ ಐದು ಜನ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ನಾನು ಕತ್ತರಿ ತಂದೆ.

ಕತ್ತರಿಸಿದ ಕಡೆ ಬಿಳಿ ಅಂಟು ಒಸರತೊಡಗಿತು. ಅದರ ಮೇಲೇ ನಕ್ಷತ್ರ ಕಟ್ಟಿದೆ. ರಾತ್ರಿ ಕ್ಯಾರಲ್ ಹಾಡುವವರು ಬಂದರು. ಒಬ್ಬನ ಗಿಟಾರ್ ಸ್ಟೂಲಿಗೆ ತಾಗಿತು, ಮರ ನಕ್ಷತ್ರದ ಸಮೇತ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯ ಮೇಲೆ ಮಲಗಿತು. ನೆವ್ರಿ ಪುಡಿಪುಡಿ. ಕಿಡಿಯೊ ಸೋಫಾದ ಅಡಿಗೆ ಉರುಳಿ ಹೋದವು. ಅಂಟಿನ ತುದಿ ಹೋಗಿ ಬಿದ್ದದ್ದು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರದ, ಕುರುಬನ ತಲೆಗೆ. ಹಿಮ ಅಂತ ಹರಡಿದ್ದ ಹತ್ತಿಯೆಲ್ಲ ಅವನಿಗೇ ಮೆತ್ತಿಕೊಂಡಿತು. "ಪಾಪ, ಚಳಿಗೆ ಟೋಪಿ ಸಿಕ್ಕಿತು" ಅಂದರು ಅಮ್ಮ. ಹಾಡು ಅಲ್ಲಿಗೇ ನಿಂತಿತು, ಎಲ್ಲರಿಗೂ ನಗು.

ನಿಜವಾದ ನಷ್ಟ ಗೊತ್ತಾಗಿದ್ದು ಆಮೇಲೆ. ಕತ್ತರಿಸಿದ ಕೆಳಗಿನಿಂದ ಎರಡು ಚಿಗುರು ನೆಟ್ಟಗೆ ಎದ್ದವು, ಕೋಡಿನ ಹಾಗೆ. ಮಕ್ಕಳು ಅದಕ್ಕೆ ರೇನ್‌ಡೀರ್ ಅಂತಲೇ ಹೆಸರಿಟ್ಟರು. ಈ ಮರದ ಅಂದವೆಲ್ಲ ಒಂದೇ ನೆಟ್ಟನೆ ಕಾಂಡ, ಸುತ್ತ ಅಂತಸ್ತು ಅಂತಸ್ತಾಗಿ ಕೊಂಬೆ. ಆ ತುದಿ ಹೋದರೆ ಆಕಾರವೂ ಹೋಯಿತು. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟು ಹೊಸ ಗಿಡ ಮಾಡೋಣ ಅಂತಲೂ ಹೋಗಬೇಡಿ. ಬೇರು ಬಿಟ್ಟರೂ ಅದು ಮೇಲಕ್ಕೆ ಏಳುವುದಿಲ್ಲ, ಅಡ್ಡಡ್ಡವೇ ಬೆಳೆಯುತ್ತದೆ.

ನೀವು ಮಾಡಬೇಕಾದ್ದು ಇಷ್ಟೇ. ಗಿಡವನ್ನು ಬಾಲ್ಕನಿಗೋ ಟೆರೇಸಿಗೋ ಸಾಗಿಸಿ. ಒಂದೇ ಸಲ ಉರಿಬಿಸಿಲಿಗೆ ಬೇಡ, ಒಂದೆರಡು ವಾರ ನೆರಳಲ್ಲಿಟ್ಟು ರೂಢಿ ಮಾಡಿಸಿ. ಹಬ್ಬಕ್ಕೆ ಹತ್ತು ದಿನ ಮಾತ್ರ ಮನೆಯೊಳಗೆ, ಕಿಟಕಿ ಪಕ್ಕ ಇಟ್ಟರೆ ಸಾಕು. ವಾರಕ್ಕೊಮ್ಮೆ ಪಾಟ್ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಬೆಳಕಿನ ಕಡೆಗೇ ವಾಲುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ನೀರು. ತಟ್ಟೆಯಲ್ಲಿ ನೀರು ನಿಲ್ಲಬಾರದು. ಒಣಗಿ ಉದುರಿದ ಕೆಳಗಿನ ಕೊಂಬೆ ಮತ್ತೆ ಬರುವುದಿಲ್ಲ, ಹಾಗಾಗಿ ಅಲ್ಲಿ ಸ್ವಲ್ಪ ಜಾಗ್ರತೆ. ಬುಡದಲ್ಲಿ ಒಂದೇ ಕಾಂಡ ಇದೆಯಾ ನೋಡಿ. ತುಂಬಿಕೊಂಡು ಕಾಣಲಿ ಅಂತ ಒಂದೇ ಪಾಟ್‌ಗೆ ಮೂರ್ನಾಲ್ಕು ಸಸಿ ಹಾಕಿ ಮಾರುವುದೂ ಉಂಟು, ಹಾಗಿದ್ದರೆ ನಿಮ್ಮದು ಒಂದು ಗಿಡವಲ್ಲ, ಗುಂಪು.

ಮನೆ ಪಕ್ಕ ನೆಲಕ್ಕೆ ಹಾಕುವ ಯೋಚನೆ ಇದ್ದರೆ ಮೊದಲು ಲಾಲ್‌ಬಾಗ್‌ಗೆ ಹೋಗಿ, ಅಲ್ಲಿನ ಅರೌಕೇರಿಯಾ ಮರಗಳನ್ನು ಕತ್ತೆತ್ತಿ ನೋಡಿ ಬನ್ನಿ. ನಕ್ಷತ್ರ ಕಟ್ಟಲೇಬೇಕು ಅಂದರೆ ಊರ ಕಡೆ ಮಾಡುವ ಹಾಗೆ ಗಾಳಿಮರದ ಒಂದು ಕೊಂಬೆ ತಂದು ಬಕೆಟ್ ಮರಳಲ್ಲಿ ನಿಲ್ಲಿಸಿ.

ಕೈಗಾದ ಅಂಟಿಗೆ ಕೊಬ್ಬರಿ ಎಣ್ಣೆ ಉಜ್ಜಿ, ಹೋಗುತ್ತದೆ. ಕುರುಬನಿಗೆ ನಾವು ಉಜ್ಜಲಿಲ್ಲ. ಪ್ರತಿ ವರ್ಷ ಟೋಪಿ ಹಾಕಿಕೊಂಡೇ ಗೋದಲಿಗೆ ಬರುತ್ತಾನೆ.