ಮುಚ್ಚಿದ ವಸತಿ ಕೇಂದ್ರದ ಹಳೆ ಸಲಕರಣೆ: ಯಾವುದು ಬಳಕೆಗೆ, ಯಾವುದು ಬೇಡ?

ಪ್ರಶ್ನೆ: ಎಂದೋ ಮುಚ್ಚಿದ ಅಂಗವಿಕಲರ ವಸತಿ ಕೇಂದ್ರವೊಂದನ್ನು ತೆರವು ಮಾಡುತ್ತಿದ್ದೇವೆ. ಕೋಣೆ ತುಂಬ ವೀಲ್‌ಚೇರ್, ಊರುಗೋಲು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ಗಳಿವೆ. ಬೇಕಾದವರಿಗೆ ಹಂಚಬಹುದೇ?

ಉತ್ತರ: ಕ್ಯಾಲಿಪರ್ ಮಾತ್ರ ಯಾರಿಗೂ ಕೊಡಬೇಡಿ. ಅದು ಒಬ್ಬರ ಕಾಲಿನ ಅಳತೆಗೆ ಮಾಡಿದ್ದು. ಮಂಡಿಯ ಕೀಲು ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಕೂತೇಳುವಾಗ ಪಟ್ಟಿ ತೊಡೆಗೆ ಉಜ್ಜಿ ಹುಣ್ಣಾಗುತ್ತದೆ. ಪೋಲಿಯೊ ಆದವರಿಗೆ ನೋವಾದರೂ ತಿಳಿಯುತ್ತದೆ; ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಕಳೆದುಕೊಂಡವರಿಗೆ ರಕ್ತ ಕಂಡಮೇಲೇ ಗೊತ್ತಾಗುವುದು.

ಮಡಚುವ ವೀಲ್‌ಚೇರ್‌ನಲ್ಲಿ ಮೊದಲು ನೋಡಬೇಕಾದ್ದು ಸೀಟಿನ ಕೆಳಗೆ ಒಂದಕ್ಕೊಂದು ಅಡ್ಡಹಾಯುವ ಎರಡು ಕೊಳವೆಗಳನ್ನು. ನಡುವಿನ ಬೋಲ್ಟಿನ ತೂತಿನ ಸುತ್ತ, ಬೆಸುಗೆಯ ಅಂಚಿಗೆ ಟಾರ್ಚ್ ಬಿಡಿ. ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಬಿರುಕೆಂದೇ ತಿಳಿಯಿರಿ. ಅದಕ್ಕೆ ವೆಲ್ಡಿಂಗ್ ಮಾಡಿಸಿ ಕೊಡುವುದು ಬೇಡ: ಬಿಸಿ ತಿಂದ ತೆಳು ಕೊಳವೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ, ಅದೂ ಮನುಷ್ಯ ಕೂತಿರುವಾಗ. ಅಂಥ ಕುರ್ಚಿಯ ಚಕ್ರ, ಫುಟ್‌ರೆಸ್ಟ್ ಬಿಚ್ಚಿಟ್ಟುಕೊಂಡು ಫ್ರೇಮನ್ನು ಗುಜರಿಗೆ ಹಾಕಿ.

ಮುಂದಿನ ಸಣ್ಣ ಚಕ್ರವನ್ನು ಎತ್ತಿ ತಿರುಗಿಸಿ. ಬಿಗಿಯಾಗಿದ್ದರೆ ಆ್ಯಕ್ಸಲ್‌ಗೆ ಸುತ್ತಿದ ಕೂದಲು, ದಾರ ಕತ್ತರಿಸಿ ತೆಗೆಯಿರಿ. ಆಮೇಲೂ ಗರಗರ ಎಂದರೆ ಬೇರಿಂಗ್ ಹೋಗಿದೆ. ಅನೇಕ ಕುರ್ಚಿಗಳಿಗೆ 608 ನಂಬರಿನದು (ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ.) ಕೂರುತ್ತದೆ, ಆದರೂ ಅಳೆದೇ ತನ್ನಿ. ಬ್ರೇಕ್ ಒತ್ತುವುದು ಟೈರನ್ನು. ಗಾಳಿ ಕಡಿಮೆಯಿದ್ದರೆ ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ಮೊದಲು ಗಾಳಿ, ಆಮೇಲೆ ಬ್ರೇಕಿನ ಕ್ಲ್ಯಾಂಪ್ ಸಡಿಲಿಸಿ ಟೈರಿನತ್ತ ಸರಿಸುವುದು. ತೊಟ್ಟಿಲಂತೆ ಜೋತುಬಿದ್ದ ರೆಕ್ಸಿನ್ ಸೀಟನ್ನು ಬದಲಿಸಲೇಬೇಕು. ಅದರಲ್ಲಿ ಸೊಂಟ ಒಂದು ಕಡೆ ವಾಲಿ, ಭಾರವೆಲ್ಲ ಆ ಕಡೆಯ ಮೂಳೆಯ ಮೇಲೆ ಬಿದ್ದು ಒತ್ತಡದ ಹುಣ್ಣು ಶುರುವಾಗುತ್ತದೆ.

ಊರುಗೋಲಿನ ತುದಿಯ ರಬ್ಬರ್ ವರ್ಷಗಳಲ್ಲಿ ಕಲ್ಲಾಗಿರುತ್ತದೆ. ನೋಡಲು ಚೆನ್ನಾಗಿದ್ದರೂ ಹೊಸದು ಹಾಕಿ. ಕೊಡುವಾಗ ಕಂಕುಳಿಗೂ ಮೇಲಿನ ಮೆತ್ತೆಗೂ ನಡುವೆ ಎರಡು-ಮೂರು ಬೆರಳು ಜಾಗವಿರಲಿ. ಭಾರ ಅಂಗೈ ಮೇಲಿರಬೇಕು. ಕಂಕುಳ ಮೇಲೆ ಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ.

ಪ್ರಶ್ನೆ: ಅಲ್ಲೇ ಒಂದು ಪರ್ಕಿನ್ಸ್ ಬ್ರೈಲರ್ (ಬ್ರೈಲ್ ಲಿಪಿಯ ಟೈಪ್‌ರೈಟರ್) ಸಿಕ್ಕಿದೆ. ಕೀಲಿಗಳು ಒತ್ತಿದರೆ ಮೇಲೇಳುವುದಿಲ್ಲ. ಎಣ್ಣೆ ಬಿಡಬಹುದೇ?

ಉತ್ತರ: ದಯವಿಟ್ಟು ಬೇಡ. ಸಾಮಾನ್ಯವಾಗಿ ಒಳಗಿನ ಹಳೆ ಗ್ರೀಸ್ ಗಟ್ಟಿಯಾಗಿ ದೂಳಿನ ಜೊತೆ ಅಂಟಾಗಿರುತ್ತದೆ. ಎಣ್ಣೆ ಬಿಟ್ಟರೆ ಆ ಅಂಟು ಇನ್ನಷ್ಟು ಒಳಗಿಳಿಯುತ್ತದೆ. ಮೆತ್ತನೆ ಬ್ರಷ್‌ನಿಂದ ದೂಳು ತೆಗೆದು, ಈ ಯಂತ್ರ ಬಿಚ್ಚಿ ಗೊತ್ತಿರುವವರಿಗೆ ಕೊಡಿ. 1951ರಿಂದ ತಯಾರಾಗುತ್ತಿರುವ ಗಟ್ಟಿ ಯಂತ್ರವಿದು, ದುರಸ್ತಿಗೆ ಖಂಡಿತ ಯೋಗ್ಯ. ವಾಪಸು ಬಂದಮೇಲೆ ದಪ್ಪ ಕಾಗದ ಹಾಕಿ ಆರೂ ಕೀಲಿ ಒಟ್ಟಿಗೆ ಒತ್ತುತ್ತ ಒಂದು ಸಾಲು ಮುಗಿಸಿ: 42 ಅಕ್ಷರ ಸೇರಬೇಕು. ಚುಕ್ಕೆಗಳನ್ನು ಬ್ರೈಲ್ ಓದುವವರೇ ಬೆರಳಿನಿಂದ ನೋಡಲಿ. ಕಣ್ಣಿಗೆ ಸರಿ ಕಂಡ ಚುಕ್ಕೆ ಬೆರಳಿಗೆ ಸಿಗದೇ ಹೋಗಬಹುದು.

ಪ್ರಶ್ನೆ: ಅಲ್ಲಿರುವ ಹಳೆ ಎಕ್ಸ್‌ರೇ ಯಂತ್ರದಿಂದ ಈಗಲೂ ವಿಕಿರಣ ಬರುತ್ತದೆಯೇ? ಪಾದರಸದ ಬಿ.ಪಿ. ಯಂತ್ರಗಳನ್ನು ಏನು ಮಾಡುವುದು?

ಉತ್ತರ: ವಿದ್ಯುತ್ ಇಲ್ಲದ ಎಕ್ಸ್‌ರೇ ಯಂತ್ರದಿಂದ ಏನೂ ಬರದು. ಆದರೆ ಅದರ ಟ್ರಾನ್ಸ್‌ಫಾರ್ಮರ್ ಎಣ್ಣೆ ವಿಷಕಾರಿಯಾಗಿರಬಹುದು, ಬಿಚ್ಚಬೇಡಿ. ಸೀಸದ ಕವಚವಿರುವ, ವಿಕಿರಣದ ಗುರುತಿರುವ ಪೆಟ್ಟಿಗೆ ಕಂಡರೆ ಮುಟ್ಟದೆ ಹೊರಬಂದು ಅಧಿಕಾರಿಗಳಿಗೆ ತಿಳಿಸಿ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾ ಕೇಂದ್ರದಿಂದ ಗುಜರಿಗೆಂದು ಒಯ್ದ ಯಂತ್ರದೊಳಗೆ ಸೀಸಿಯಂ ಎಂಬ ವಿಕಿರಣಶೀಲ ವಸ್ತು ಇತ್ತು, ನಾಲ್ವರು ಸತ್ತರು.

ಬಿ.ಪಿ. ಯಂತ್ರವನ್ನು ಪಾದರಸದ ತೊಟ್ಟಿಯ ಕಡೆಗೆ ವಾಲಿಸಿ, ರಸ ಪೂರ್ತಿ ಇಳಿದಮೇಲೆ ತಿರುಪು ಮುಚ್ಚಿ, ನೆಟ್ಟಗೆ ಇಟ್ಟು ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸಿ. ಚೆಲ್ಲಿದ್ದರೆ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಆವಿ ಕೋಣೆಯೆಲ್ಲ ಹರಡುತ್ತದೆ. ಕಿಟಕಿ ತೆರೆದು, ಕೈಗವಸು ತೊಟ್ಟು, ರಟ್ಟಿನ ತುಂಡಿನಿಂದ ಹನಿಗಳನ್ನು ಕೂಡಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ನೀವು ಕೇಳದಿದ್ದರೂ ಒಂದು ಮಾತು. ಕ್ಯಾಲಿಪರ್‌ನ ಚರ್ಮದ ಮೇಲೆ, ಮಂಚದ ತಗಡಿನ ಮೇಲೆ, ಫೈಲುಗಳಲ್ಲಿ ಅಲ್ಲಿದ್ದವರ ಹೆಸರುಗಳಿರುತ್ತವೆ. ಅವುಗಳ ಫೋಟೊ ತೆಗೆದು ಹಂಚಬೇಡಿ, ಫೈಲುಗಳನ್ನು ಗುಜರಿಗೆ ತೂಗಬೇಡಿ. ಒಣಗಿದ ಪೆಟ್ಟಿಗೆಯಲ್ಲಿ ತುಂಬಿ, ಕೇಂದ್ರದ ಕಾನೂನುಬದ್ಧ ಹೊಣೆ ಹೊತ್ತವರಿಗೆ ಸಹಿ ಪಡೆದು ಒಪ್ಪಿಸಿ. ತಮ್ಮ ದಾಖಲೆ ಕೇಳಿಕೊಂಡು ಅಲ್ಲಿದ್ದವರೋ ಅವರ ಮನೆಯವರೋ ಇನ್ನೂ ಬರಬಹುದು.