ದುರ್ಬೀನಿಲ್ಲದ ಬಂದೂಕಿನಿಂದ ಸಿಮೊ ಹಾಯ್ಹಾ ದಾಖಲೆ ನಿರ್ಮಿಸಿದ್ದು ಹೇಗೆ?

ಫಿನ್ಲೆಂಡಿನ ರೈತ ಹಾಗೂ ಬೇಟೆಗಾರ ಸಿಮೊ ಹಾಯ್ಹಾ (1905–2002) ಗುರಿಕಾರರಾಗಿ ಹೋರಾಡಿದ್ದು ಸುಮಾರು ನೂರು ದಿನಗಳಷ್ಟೇ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ದಾಳಿ ಮಾಡಿದ ಬಳಿಕ ಕೊಲ್ಲಾ ರಣರಂಗದಲ್ಲಿ ಅವರು 500ಕ್ಕೂ ಹೆಚ್ಚು ಸೈನಿಕರನ್ನು ಕೊಂದರೆಂದು ಹೇಳಲಾಗುತ್ತದೆಯಾದರೂ, ನಿಖರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ದುರ್ಬೀನಿನ ಗಾಜು ಚಳಿಗೆ ಮಸುಕಾಗುತ್ತದೆ, ಬಿಸಿಲಿಗೆ ಹೊಳೆದು ಅಡಗಿರುವ ಜಾಗವನ್ನು ತೋರಿಸಿಕೊಡುತ್ತದೆ, ಅದರಲ್ಲಿ ನೋಡಲು ತಲೆಯನ್ನೂ ತುಸು ಮೇಲೆತ್ತಬೇಕಾಗುತ್ತದೆ ಎಂಬ ಕಾರಣಗಳಿಂದ ಅವರು ಬಂದೂಕಿನ ಲೋಹದ ಗುರಿಕಂಡಿಯನ್ನೇ ನೆಚ್ಚಿಕೊಂಡರು. ನನ್ನ ದೃಷ್ಟಿಯಲ್ಲಿ ಸಂಖ್ಯೆಗಿಂತ ಈ ವಿವೇಕವೇ ದೊಡ್ಡದು. 1940ರ ಮಾರ್ಚ್ 6ರಂದು ಗುಂಡೇಟಿನಿಂದ ದವಡೆ ಛಿದ್ರಗೊಂಡು ಪ್ರಜ್ಞೆ ಕಳೆದುಕೊಂಡ ಅವರಿಗೆ ಎಚ್ಚರವಾದದ್ದು ಯುದ್ಧ ಮುಗಿದ ಮಾರ್ಚ್ 13ರಂದು. ಸೇನೆ ಅವರಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ನೀಡಿತು.