ಎದೆಯೊಳಗಿನ ಬ್ಯಾಟರಿಗೆ ಎಷ್ಟು ಆಯುಷ್ಯ?

ಗದಗ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಂದೆಗೆ 61 ವರ್ಷ. ಒಕ್ಕಲುತನ ಮಾಡುತ್ತಾರೆ. ಆರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಅವರ ಎದೆಗೆ ಐಸಿಡಿ (ಹೃದಯದ ಲಯ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಚಿಕ್ಕ ಯಂತ್ರ) ಹಾಕಿಸಿದೆವು. ಎಂಟರಿಂದ ಹತ್ತು ವರ್ಷ ಬಾಳಿಕೆ ಬರುತ್ತದೆ ಎಂದಿದ್ದರು. ಹೋದ ತಿಂಗಳು ತಪಾಸಣೆಗೆ ಹೋದರೆ ಇನ್ನು ಸುಮಾರು ಎರಡು ವರ್ಷ ಅಷ್ಟೇ ಎಂದರು. ಹೋದ ವರ್ಷ ಎರಡು ಸಲ ಶಾಕ್ ಹೊಡೆದಿತ್ತು. ಎರಡೂ ಸಲ ಹೊಲದ ಬೋರ್ ಹತ್ತಿರ ಇದ್ದರು. ನಮಗೆ ಹಳೆಯ ಮಾಲು ಹಾಕಿದರೇ? ಮೊಬೈಲಿನ ಹಾಗೆ ಚಾರ್ಜ್ ಮಾಡಲು ಬರುವುದಿಲ್ಲವೇ? ಈಗಲೇ ಬದಲಿಸಿಬಿಟ್ಟರೆ ಹೇಗೆ?"

ಮೊದಲು ನಿಮ್ಮ ಅನುಮಾನಕ್ಕೆ ಉತ್ತರ. ಆರು ಆಗಿದೆ, ಇನ್ನೆರಡು ಇದೆ, ಕೂಡಿದರೆ ಎಂಟು. ಅವರು ಹೇಳಿದ ಮಾತಿನೊಳಗೇ ಇದೆ ಅಲ್ವಾ? ಯಾರೂ ನಿಮಗೆ ಮೋಸ ಮಾಡಿದಂತೆ ಕಾಣುವುದಿಲ್ಲ. ಈಗಿನ ಐಸಿಡಿಗಳು ಸಾಮಾನ್ಯವಾಗಿ ಏಳರಿಂದ ಹನ್ನೆರಡು ವರ್ಷ ಬರುತ್ತವೆ. ಹೃದಯದ ಎರಡೂ ಬದಿಗೆ ಸದಾ ಮಿಡಿತ ಕೊಡುವ ಸಿಆರ್‌ಟಿ-ಡಿ ಎಂಬ ಬಗೆ ಇದಕ್ಕಿಂತ ಬೇಗ ಮುಗಿಯುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯನ್ನು ಇಬ್ಬರಿಗೆ ಹಾಕಿದರೂ ಒಬ್ಬರಿಗೆ ಏಳು ವರ್ಷ, ಇನ್ನೊಬ್ಬರಿಗೆ ಹತ್ತು ವರ್ಷ ಬರಬಹುದು. ಯಾಕೆಂದರೆ ಬ್ಯಾಟರಿ ಖಾಲಿಯಾಗುವುದು ಕ್ಯಾಲೆಂಡರ್ ನೋಡಿ ಅಲ್ಲ, ಕೆಲಸ ನೋಡಿ.

ಆ ಕೆಲಸ ಎಂಥದ್ದು ನೋಡಿ. ಐಸಿಡಿ ಡಬ್ಬಿಯ ಒಳಗೆ ಇರುವುದು ಸುಮಾರು ಮೂರು ವೋಲ್ಟಿನ ಲಿಥಿಯಂ ಬ್ಯಾಟರಿ. ಅದರ ಬಲದಿಂದ ಐಸಿಡಿ ಹಗಲು ರಾತ್ರಿ ಪ್ರತಿ ಬಡಿತವನ್ನೂ ಗಮನಿಸುತ್ತಿರುತ್ತದೆ. ಬಡಿತ ನಿಧಾನವಾದರೆ ಪೇಸ್‌ಮೇಕರ್ ಹಾಗೆ ಮಿಡಿತ ಕೊಡುತ್ತದೆ. ಹೃದಯ ಲಯ ತಪ್ಪಿ ಸುಮ್ನೆ ಅದುರಲು ಶುರುವಾದರೆ, ಅದೇ ಮೂರು ವೋಲ್ಟನ್ನು ಕೆಲವೇ ಸೆಕೆಂಡಿನಲ್ಲಿ 700-800 ವೋಲ್ಟಿಗೆ ಏರಿಸಿ ಶಾಕ್ ಕೊಡುತ್ತದೆ. ಇಂಥ ಒಂದೊಂದು ದೊಡ್ಡ ಶಾಕ್ ಬ್ಯಾಟರಿಯ ಆಯುಷ್ಯದಲ್ಲಿ ಕೆಲವು ವಾರಗಳನ್ನು ತಿನ್ನುತ್ತದೆ. ಶಾಕ್ ಕೊಡದೆ ಸುಮ್ಮನಿದ್ದರೂ, ಶಾಕಿಗೆ ಕರೆಂಟ್ ಕೂಡಿಡುವ ಒಳಭಾಗದ ಸಾಮರ್ಥ್ಯ ಕುಂದದಿರಲು ಯಂತ್ರ ಆಗಾಗ ತನ್ನಷ್ಟಕ್ಕೆ ಬ್ಯಾಟರಿಯಿಂದಲೇ ಅದನ್ನು ಚಾರ್ಜ್ ಮಾಡಿ ನೋಡುತ್ತದೆ. ಅದಕ್ಕೂ ಖರ್ಚು ಇದ್ದೇ ಇದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬ್ಯಾಟರಿ ಅಲ್ಲ, ಬೋರ್. ಎರಡೂ ಶಾಕ್ ಪಂಪ್‌ಸೆಟ್ ಹತ್ತಿರವೇ ಆದವು ಎಂದಿದ್ದೀರಿ. ಅರ್ಥಿಂಗ್ ಸರಿ ಇಲ್ಲದ ಮೋಟರಿನಿಂದ, ಸ್ಟಾರ್ಟರ್ ಡಬ್ಬಿಯಿಂದ ಸ್ವಲ್ಪ ಕರೆಂಟ್ ಸೋರುವುದು ನಮ್ಮ ಕಡೆ ಹೊಸದಲ್ಲ. ಬರಿಗಾಲು, ಹಸಿ ನೆಲ, ಕೈ ಪೈಪಿನ ಮೇಲೆ. ನಮಗೆ ನಿಮಗೆ ಬರೀ ಜುಮ್ ಎನ್ನುವಷ್ಟು, ಕೆಲವು ಸಲ ಅದೂ ಗೊತ್ತಾಗದಷ್ಟು ಕರೆಂಟ್ ಅದು. ಆದರೆ ಐಸಿಡಿ ಅದನ್ನೇ ಹೃದಯದ ಅದುರುವಿಕೆ ಎಂದು ತಪ್ಪು ತಿಳಿದು, ಬೇಡದ ಶಾಕ್ ಕೊಡಬಲ್ಲದು. ಇಂಥ ಪ್ರಕರಣಗಳನ್ನು ವೈದ್ಯರು ಕಂಡಿದ್ದಾರೆ. ನಿಮ್ಮ ತಂದೆಗೆ ಆಗಿದ್ದು ಅದೇ ಎಂದು ನಾನು ಹೇಳಲಾರೆ. ನಿಜವಾಗಿಯೂ ಹೃದಯ ಲಯ ತಪ್ಪಿ ಆ ಶಾಕ್ ಜೀವ ಉಳಿಸಿರಲೂಬಹುದು. ಆದರೆ ಊಹಿಸುತ್ತಾ ಕೂರುವ ಅಗತ್ಯವಿಲ್ಲ. ಶಾಕ್ ಕೊಟ್ಟ ಹೊತ್ತಿನಲ್ಲಿ ತಾನು ಏನು ಕಂಡೆ ಎಂಬುದನ್ನು ಐಸಿಡಿ ಬರೆದಿಟ್ಟುಕೊಂಡಿರುತ್ತದೆ. ತಪಾಸಣೆಯವರು ಅದನ್ನು ಓದಿ ಹೇಳಬಲ್ಲರು. ಬೋರ್ ಹತ್ತಿರ ಇದ್ದ ಸಂಗತಿಯನ್ನು ಅವರಿಗೆ ಬಾಯಿಬಿಟ್ಟು ಹೇಳಿದ್ದೀರಾ? ಹೇಳಿಲ್ಲದಿದ್ದರೆ ಈ ವಾರವೇ ಹೇಳಿ. ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅಲ್ಲಿಯವರೆಗೆ ಸ್ಟಾರ್ಟರ್ ಒತ್ತುವ ಕೆಲಸ ಮನೆಯ ಬೇರೆಯವರದಾಗಲಿ, ಅವರೂ ಚಪ್ಪಲಿ ಮೆಟ್ಟಿಕೊಂಡೇ ಹೋಗಲಿ. ಮುಂದೆ ಯಾವತ್ತಾದರೂ ಒಂದೇ ದಿನ ಎರಡು ಶಾಕ್ ಹೊಡೆದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಚಾರ್ಜ್ ಮಾಡುವ ವಿಷಯ. ಇದನ್ನು ಹಿಂದೆಯೇ ಮಾಡಿ ನೋಡಿದ್ದಾರೆ. 1958ರಲ್ಲಿ ಸ್ವೀಡನ್ನಿನಲ್ಲಿ ಅರ್ನೆ ಲಾರ್ಸನ್ ಎಂಬುವರಿಗೆ ಜಗತ್ತಿನಲ್ಲೇ ಮೊದಲ ಸಲ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. ಅದು ಹೊರಗಿನಿಂದ ಚಾರ್ಜ್ ಮಾಡುವಂಥದ್ದೇ ಆಗಿತ್ತು. ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಚಾರ್ಜ್ ಆಗುವ ಬ್ಯಾಟರಿ ನಮ್ಮ ಹಳೇ ಮೊಬೈಲಿನ ಹಾಗೆ ವರ್ಷ ಕಳೆದಂತೆ ಸೊರಗುತ್ತದೆ. ಹಬ್ಬವೋ ಊರಿನ ಜಾತ್ರೆಯೋ ಬಂದು ಚಾರ್ಜ್ ಮಾಡುವುದು ಮರೆತರೆ ಜೀವಕ್ಕೇ ಕುತ್ತು. ಅದಕ್ಕೇ ಬ್ಯಾಟರಿಯನ್ನು ಡಬ್ಬಿಯಲ್ಲೇ ಬೆಸೆದು, ಮುಗಿದ ಮೇಲೆ ಇಡೀ ಡಬ್ಬಿಯನ್ನೇ ಬದಲಿಸುತ್ತಾರೆ. ಲಾರ್ಸನ್ ಅವರಿಗೆ ಹೀಗೆ ಒಂದಾದ ಮೇಲೊಂದು ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಹಾಕಿದರು. ಅವರು 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು. ಇದನ್ನು ನಿಮ್ಮ ತಂದೆಗೆ ಓದಿ ಹೇಳಿ. ಐಸಿಡಿ ಬಂದಿದ್ದು ಆಮೇಲೆ, 1980ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಆಗಿನದನ್ನು ಹೊಟ್ಟೆಯ ಹತ್ತಿರ ಇಡುತ್ತಿದ್ದರು, ಎರಡು ವರ್ಷ ಬಂದರೆ ಹೆಚ್ಚು.

ಹಾಗಾದರೆ ಈಗಲೇ ಬದಲಿಸಬಹುದಲ್ಲ ಎನ್ನುತ್ತೀರಿ. ಬೇಡ. ಬದಲಿಸುವುದು ಚಿಕ್ಕ ಆಪರೇಷನ್ ನಿಜ. ಹಳೆಯ ಗಾಯದ ಹತ್ತಿರವೇ ಕೊಯ್ದು, ಡಬ್ಬಿಯಿಂದ ಹೃದಯಕ್ಕೆ ಹೋಗುವ ವೈರ್ ಬಿಚ್ಚಿ, ಅವು ಚೆನ್ನಾಗಿದ್ದರೆ ಅವಕ್ಕೇ ಹೊಸ ಡಬ್ಬಿ ಜೋಡಿಸುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನ ಕೆಲಸ. ಆದರೆ ಅದೇ ಜಾಗವನ್ನು ಪ್ರತಿ ಸಲ ತೆರೆದಾಗಲೂ ಸೋಂಕಿನ ಭಯ ಇದೆ, ಮೊದಲ ಸಲಕ್ಕಿಂತ ಬದಲಿಸುವಾಗ ಸ್ವಲ್ಪ ಜಾಸ್ತಿಯೇ. ಸೋಂಕು ಆಳಕ್ಕೆ ಇಳಿದರೆ ಡಬ್ಬಿ, ವೈರ್ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಇನ್ನೂ ಎರಡು ವರ್ಷ ಬರುವ ಬ್ಯಾಟರಿಯನ್ನು ಎಸೆದು ಆ ಅಪಾಯವನ್ನು ಯಾಕೆ ಮನೆಗೆ ಕರೆಯುತ್ತೀರಿ? ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಆಪರೇಷನ್ ಬಂತು ಎಂದು ನೀವಾಗೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಒಮ್ಮೆಲೇ ನಿಂತುಬಿಡುತ್ತದೆ ಎಂಬ ಹೆದರಿಕೆಯೂ ಇದ್ದೀತು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಯಂತ್ರ ತಾನೇ 'ಬದಲಿಸುವ ಕಾಲ ಬಂತು' ಎಂದು ಗುರುತು ಹಾಕಿಕೊಳ್ಳುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಕೆಲಸ ನಡೆಯುತ್ತದೆ. ಮೂರು ತಿಂಗಳಿಗೋ ಆರು ತಿಂಗಳಿಗೋ ತಪಾಸಣೆಗೆ ಬನ್ನಿ ಎನ್ನುವುದು ಈ ಗುರುತು ತಪ್ಪಿಹೋಗದಿರಲಿ ಎಂದೇ. ಬ್ಯಾಟರಿ ಕೊನೆಗೆ ಬಂದಂತೆ ಇನ್ನೂ ಬೇಗ ಬೇಗ ಕರೆಯುತ್ತಾರೆ. ಬಿತ್ತನೆ ಇದೆ, ಸುಗ್ಗಿ ಇದೆ ಎಂದು ದಯವಿಟ್ಟು ಅದನ್ನು ಮುಂದೂಡಬೇಡಿ. ಖರ್ಚಿನ ಮಾತನ್ನೂ ಈಗಿನಿಂದಲೇ ಆಸ್ಪತ್ರೆಯಲ್ಲಿ ಎತ್ತಿ. ನಿಮ್ಮ ಆರೋಗ್ಯ ಕಾರ್ಡಿಗೆ ಎಷ್ಟು ಸಿಗುತ್ತದೆ ಎಂದು ಬರೆಸಿಕೊಳ್ಳಿ.

ಕೆಲವು ಮಾದರಿಗಳು ಆ ಕಾಲ ಬಂದಾಗ ಎದೆಯೊಳಗಿಂದ ಬೀಪ್ ಎನ್ನುತ್ತವೆ, ಕೆಲವು ನಡುಗುತ್ತವೆ. ಧಾರವಾಡದಲ್ಲಿದ್ದ ನನ್ನ ಸೋದರಮಾವನಿಗೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಆ ಸದ್ದು ಬರುತ್ತಿತ್ತು. ಮನೆಯವರೆಲ್ಲ ಯಾರದೋ ಮೊಬೈಲ್ ಅಲಾರಂ ಎಂದುಕೊಂಡರು. ಹತ್ತು ಹನ್ನೆರಡು ದಿನ ಹಾಗೇ ಕಳೆಯಿತು. ಕೊನೆಗೆ ಅತ್ತೆ ಅವರ ಎದೆಗೆ ಕಿವಿ ಇಟ್ಟು ಕೇಳಿದರು. ಅದೇ ವಾರ ಡಬ್ಬಿ ಬದಲಾಯಿತು. ಆ ಹನ್ನೆರಡು ದಿನ ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ನಿಮ್ಮ ತಂದೆಯ ಯಂತ್ರ ಸದ್ದು ಮಾಡುವಂಥದ್ದೇ ಎಂದು ಮುಂದಿನ ತಪಾಸಣೆಯಲ್ಲಿ ಕೇಳಿ, ಮಾಡುವುದಾದರೆ ಒಮ್ಮೆ ಕೇಳಿಸಲು ಹೇಳಿ. ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬೆಳಗಿನ ಹೊತ್ತು ತಂದೆಯ ಹತ್ತಿರ ಇರುವವರು ಅವರೇ ಅಲ್ವಾ.